ತುಂಡು ಗೆರೆಯನ್ನು ನಂಬಿ ತೋಡಿಸಿದ ಬಾವಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಭೂವಿಜ್ಞಾನ ಓದಿ ಮುಗಿಸಿ ಮಧುಗಿರಿಯ ಕಚೇರಿಯೊಂದಕ್ಕೆ ಸೇರಿದೆ. ಬಾವಿಗೆ ಜಾಗ ಗುರುತಿಸುವುದು ನನ್ನ ಕೆಲಸ. ಶಿಲೆಗಳ ನಕ್ಷೆಯಲ್ಲಿ ಗುಲಾಬಿ ಬಣ್ಣವೆಂದರೆ ನಮ್ಮ ಕಡೆಯ ಬಿಳಿಕಲ್ಲು. ಅದನ್ನು ಸೀಳಿಕೊಂಡು ಹೋಗುವ ಹಸಿರು ಪಟ್ಟಿಯೆಂದರೆ ನೆಲದಡಿ ಗೋಡೆಯಂತೆ ನಿಂತ ಕರಿಕಲ್ಲು. ನೆಲದೊಳಗೆ ಇಳಿಜಾರಿನಲ್ಲಿ ಬರುವ ನೀರನ್ನು ಆ ಗೋಡೆ ತಡೆದು ನಿಲ್ಲಿಸುತ್ತದೆ; ಅದರ ಮೇಲ್ಭಾಗದಲ್ಲಿ ತೋಡಿದರೆ ನೀರು ಸಿಗುತ್ತದೆ. ಇಷ್ಟು ಗೊತ್ತಿದ್ದರೆ ಸಾಕೆಂದುಕೊಂಡಿದ್ದೆ.

ವೈ.ಎನ್.ಹೊಸಕೋಟೆಯ ಆಚೆಗಿನ ಹಳ್ಳಿಯೊಂದಕ್ಕೆ ಕುಡಿಯುವ ನೀರಿನ ಬಾವಿ ಬೇಕಿತ್ತು. ನಕ್ಷೆ ಬಿಚ್ಚಿ, ಹಸಿರು ಪಟ್ಟಿ ನೋಡಿ, ಕಡಲೆಕಾಯಿ ಹೊಲದ ಮೂಲೆಯಲ್ಲಿ ಗೂಟ ನೆಡಿಸಿದೆ. ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಬಂದು ಇಲ್ಲೇ ಯಾಕೆ ಎಂದು ಕೇಳಿದರು. ಕೆಳಗೆ ಕರಿಕಲ್ಲು ಇದೆ ಎಂದೆ.

“ಇಲ್ಲೆಲ್ಲೈತೆ ಸಾಮಿ ಕರಿಕಲ್ಲು? ಅದು ಗುಡ್ಡದ ತಾವ್ಲೇ ಹಳ್ಳದ ಕಡೀಕೆ ತಿರುಗ್ಬುಟ್ಟೈತೆ.”

“ನಕ್ಷೇಲಿ ಇಲ್ಲೇ ಇದೆ ಅಜ್ಜಿ,” ಎಂದೆ.

ಎರಡು ತಿಂಗಳು ತೋಡಿದರು. ನಲವತ್ತು ಅಡಿಗೂ ಬರೀ ಒಣ ಬಿಳಿಕಲ್ಲು. ಕೊನೆಗೆ ಸಿಡಿಮದ್ದು ಇಟ್ಟಾಗ ಕಲ್ಲಿನ ಚೂರು ಹಾರಿ, ಬಾವಿ ತೋಡುವವನೊಬ್ಬನ ಎಡಗಣ್ಣು ಹೋಯಿತು. ಕೆಲಸ ನಿಂತಿತು.

ನಕ್ಷೆ ಹಿಡಿದು ಹಿರಿಯ ಅಧಿಕಾರಿಯ ಮುಂದೆ ನಿಂತೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು, ಬಗ್ಗಿ, ಹಸಿರು ಪಟ್ಟಿಯ ಅಂಚನ್ನು ಉಗುರಿನಿಂದ ತೋರಿಸಿದರು.

“ಗುಡ್ಡದವರೆಗೆ ಗೆರೆ ಪೂರ್ತಿ ಇದೆ. ಅಲ್ಲಿಂದಾಚೆ ತುಂಡು ತುಂಡು. ಪೂರ್ತಿ ಗೆರೆ ಅಂದ್ರೆ ನಕ್ಷೆ ಬರೆದವನು ನಡೆದು ಹೋಗಿ ಕಣ್ಣಾರೆ ಕಂಡದ್ದು. ತುಂಡು ಗೆರೆ ಅಂದ್ರೆ ಮೇಲೆ ಮಣ್ಣು ಮುಚ್ಚಿತ್ತು, ಹೀಗೆ ಹೋಗಿರಬಹುದು ಅಂತ ಊಹೆ. ತನಗೆ ಗೊತ್ತಿಲ್ಲ ಅಂತ ಅವನು ಒಪ್ಪಿಕೊಂಡಿದ್ದಾನಪ್ಪ. ನೀನು ನೋಡಲಿಲ್ಲ.”

ಮರುದಿನ ಬೆಳಿಗ್ಗೆ ಪಾವಗಡದ ಬಸ್ಸು ಹತ್ತಿ ಮತ್ತೆ ಆ ಹಳ್ಳಿಗೆ ಹೋದೆ. ಅಜ್ಜಿಯನ್ನು ಹುಡುಕಿ, “ತಪ್ಪಾಯ್ತು, ಕರಿಕಲ್ಲು ಎಲ್ಲಿದೆ ತೋರಿಸಿ” ಎಂದೆ. ಅವರು ಕುರಿಗಳನ್ನು ಗುಡ್ಡದ ಕಡೆ ಹೊಡೆದುಕೊಂಡು ಮುಂದೆ ಹೊರಟರು. ಜಾಲಿಪೊದೆಗಳ ನಡುವೆ ಅಲ್ಲೊಂದು ಇಲ್ಲೊಂದು ಕರಿಗುಂಡು ತಲೆ ಎತ್ತಿತ್ತು. ಒಂದೊಂದನ್ನೂ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು ಸಂಜೆಯವರೆಗೆ ನಡೆದೆ. ಗೋಡೆ ಅವರು ಹೇಳಿದಂತೆಯೇ ಹಳ್ಳದ ಕಡೆ ತಿರುಗಿತ್ತು.

ಅದರ ಮೇಲ್ಭಾಗದಲ್ಲಿ ತೋಡಿದ ಹೊಸ ಬಾವಿಗೆ ಇಪ್ಪತ್ತೈದು ಅಡಿಯಲ್ಲೇ ನೀರು ಬಂತು. ಊರಿನವರೆಲ್ಲ ಸೇರಿದ್ದರು. ಕಣ್ಣು ಕಳೆದುಕೊಂಡವನೂ ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಂದಿದ್ದ. ಅವನೇ ಕೇಳಿದ:

“ಮೊದ್ಲೇ ಇಲ್ಲಿ ತೋರಿಸ್ಬೋದಿತ್ತಲ್ಲ ಸಾಮಿ? ಮ್ಯಾಪ್ನಾಗೆ ಇರ್ಲಿಲ್ವಾ?”

ಇರಲಿಲ್ಲ ಎಂದು ಹೇಳಿ ಪಾರಾಗಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

“ಮೊದಲಿನ ಜಾಗ ಅನುಮಾನ ಅಂತ ಅದರಲ್ಲೇ ಬರೆದಿತ್ತು. ನಂಗೆ ಓದೋಕೆ ಬರ್ಲಿಲ್ಲ,” ಎಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಬಾವಿಯ ಕಡೆ ತಿರುಗಿ, ಬಗ್ಗಿ ನೀರು ನೋಡಿದ.