ಒಂಟಿ ಹಲ್ಲಿನ ಮೇಲೆ ಅಮ್ಮನ ಉಸಿರು

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಆಯುಧಪೂಜೆ ಎಂದರೆ ಅಪ್ಪನ ತಕ್ಕಡಿಯ ಹಬ್ಬ. ಅಪ್ಪ ತರಕಾರಿ ವ್ಯಾಪಾರಿ. ವರ್ಷಕ್ಕೊಮ್ಮೆ ಅಂಗಡಿಯ ಹಿತ್ತಾಳೆ ತಕ್ಕಡಿ ಮನೆಗೆ ಬರುತ್ತಿತ್ತು. ಅಮ್ಮ ಅದರ ತಟ್ಟೆಗಳ ಮೇಲೆ ಹಾ ಎಂದು ಉಸಿರು ಬಿಟ್ಟು, ಮಬ್ಬಾದ ಜಾಗವನ್ನು ಸೆರಗಿನಿಂದ ತಿಕ್ಕಿ, ಫಳಫಳ ಹೊಳೆಸಿ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಅಪ್ಪ ಹೋದರು, ಅಂಗಡಿಯೂ ಹೋಯಿತು. ಆಮೇಲೆ ಅಮ್ಮ ನನ್ನ ಬೆನ್ನು ಹತ್ತಿದಳು.

"ನಿಂಗೆ ಅನ್ನ ಕೊಡೋ ಸಾಮಾನು ಯಾವ್ದೇ? ಅದನ್ನ ತಗೊಂಡ್ಬಾ. ದೇವ್ರ ಮುಂದೆ ಏನೂ ಇಡ್ದೆ ಹಬ್ಬ ಹೆಂಗ್ ಮಾಡ್ಲಿ?"

ನನಗೆ ಅನ್ನ ಕೊಡುವುದು ಸತ್ತವರ ಹಲ್ಲು. ಮಲ್ಲೇಶ್ವರದ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ನೂರಾರು ವರ್ಷಗಳ ಹಿಂದೆ ಮಣ್ಣಾದವರ ಹಲ್ಲು ಕೊರೆದು, ಬಂದ ಪುಡಿಯಲ್ಲಿ ಅವರಿಗೆ ಯಾವ ರೋಗವಿತ್ತು ಎಂದು ಹುಡುಕುತ್ತೇನೆ. ಬದುಕಿದ್ದಾಗ ರಕ್ತದಲ್ಲಿ ಸುತ್ತುತ್ತಿದ್ದ ರೋಗಾಣುವಿನ ಡಿಎನ್‌ಎ ಚೂರುಗಳು ಕೆಲವೊಮ್ಮೆ ಹಲ್ಲಿನೊಳಗೆ ಸಿಕ್ಕಿಕೊಂಡು ಉಳಿದಿರುತ್ತವೆ. ಅಮ್ಮ ಅಕ್ಕಪಕ್ಕದವರಿಗೆ "ಹಲ್ಲಿನ ಆಸ್ಪತ್ರೇಲಿದಾಳೆ" ಎಂದು ಹೇಳಿಕೊಂಡಿದ್ದಳು. ನಾನೂ ತಿದ್ದಲು ಹೋಗಿರಲಿಲ್ಲ.

ಹಲ್ಲು ಕೊರೆಯುವ ಕೋಣೆಗೆ ಮೈತುಂಬ ಬಿಳಿ ಬಟ್ಟೆ, ಮಾಸ್ಕು, ಎರಡೆರಡು ಜೊತೆ ಗ್ಲೌಸು ಹಾಕಿಕೊಂಡೇ ಹೋಗಬೇಕು. ಬದುಕಿರುವವರ ಒಂದು ಉಸಿರು ತಾಗಿದರೂ ಸತ್ತವರ ಕಥೆ ಕೆಟ್ಟುಹೋಗುತ್ತದೆ. ಒಳಗಿನ ಸಾಮಾನು ಹೊರಗೆ ಹೋಗುವಂತಿಲ್ಲ. ಹೊಸಬರನ್ನು ನಿಲ್ಲಿಸಿಕೊಂಡು ಈ ಪಾಠ ಹೇಳಿ ಗದರುತ್ತಿದ್ದವಳು ನಾನೇ. ಹೋದ ವರ್ಷ ಅಮ್ಮ ಮೂರು ದಿನ ಮುಖ ಊದಿಸಿಕೊಂಡು ಕುಳಿತದ್ದಕ್ಕೆ, ಕೊರೆಯುವ ಸೂಜಿಗಳ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ತಂದವಳೂ ನಾನೇ. ಡಬ್ಬಿ ತೆಗೆಯುವುದು ಬೇಡ, ಮುಚ್ಚಳಕ್ಕೆ ಕುಂಕುಮ ಇಟ್ಟರೆ ಸಾಕು ಎಂದು ಹೇಳಿ ಸ್ನಾನಕ್ಕೆ ಹೋದೆ.

ಬರುವಷ್ಟರಲ್ಲಿ ಸೂಜಿಗಳೆಲ್ಲ ತಟ್ಟೆಯಲ್ಲಿದ್ದವು. ಅಮ್ಮ ಒಂದೊಂದನ್ನೇ ಬಾಯಿಯ ಹತ್ತಿರ ಹಿಡಿದು, ಹಾ ಎಂದು ಉಸಿರು ಬಿಟ್ಟು, ಸೆರಗಿನಿಂದ ಒರೆಸುತ್ತಿದ್ದಳು. ನಡುನಡುವೆ ಕೆಮ್ಮು. ಸಾಂಬ್ರಾಣಿ ಹೊಗೆಯ ಘಾಟು ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಹಬ್ಬದ ದಿನ ಜಗಳ ಬೇಡವೆಂದು ಸುಮ್ಮನಾದೆ.

"ಈಗ ಯಾರ ಹಲ್ಲು ಕೊರೀತಿದೀಯ?" ಎಂದು ಕೇಳಿದಳು.

"ಯಾವ್ದೋ ಹೆಂಗ್ಸಿಂದು. ಬಳ್ಳಾರಿ ಕಡೆ ಹೊಲ ಅಗಿಯೋವಾಗ ಸಿಕ್ಕಿದ್ದು. ಏಳ್ನೂರು ವರ್ಷ ಹಳೇದಿರ್ಬೇಕು. ಅವಳ್ದು ಅಂತ ಉಳ್ದಿರೋದು ಅದೊಂದೇ ಹಲ್ಲು."

ಅಮ್ಮ ಕೈಯಲ್ಲಿದ್ದ ಸೂಜಿಯನ್ನು ತಟ್ಟೆಯಲ್ಲಿಟ್ಟಳು. "ಪಾಪ, ಯಾರ ಮನೆ ಹೆಣ್ಣೋ. ಅವಳ್ಗೂ ಒಂದು ಬೊಟ್ಟು ಇರ್ಲಿ," ಎಂದು ಇನ್ನೊಂದು ಚಿಟಿಕೆ ಕುಂಕುಮ ಹಚ್ಚಿದಳು.

ರಜೆ ಮುಗಿದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಅಮ್ಮನ ಉಸಿರಿನ ಗುರುತು ಅಳಿಸಿಹೋಗಲೆಂದು ಸೂಜಿಗಳನ್ನು ಬ್ಲೀಚಿನಲ್ಲಿ ಅದ್ದಿದೆ. ಹೊರಗೆ ಚಪ್ಪಲಿ ಸದ್ದಾಯಿತು. ಸಿಕ್ಕಿಬೀಳುವ ಭಯಕ್ಕೆ ಅವಸರದಲ್ಲಿ ಹೊರತೆಗೆದು ಒರೆಸಿ, ಇದ್ದಲ್ಲಿ ಇಟ್ಟುಬಿಟ್ಟೆ. ಅದೇ ದಿನ ಆ ಹೆಂಗಸಿನ ಹಲ್ಲು ಕೊರೆದೆ. ಎಷ್ಟೇ ಹಳೆಯ ಹಲ್ಲಾದರೂ ಸೂಜಿ ತಾಗಿದಾಗ ಬರುವ ಸುಟ್ಟ ವಾಸನೆ ಬದುಕಿರುವವರ ಹಲ್ಲಿನದೇ ವಾಸನೆ. ಇಷ್ಟು ವರ್ಷವಾದರೂ ನನಗೆ ಅದು ಅಭ್ಯಾಸವಾಗಿಲ್ಲ.

ಕೆಲವು ವಾರಗಳ ನಂತರ ಫಲಿತಾಂಶ ಬಂತು. ಪುಡಿಯಲ್ಲಿ ಕ್ಷಯದ ರೋಗಾಣು ಸಿಕ್ಕಿತ್ತು. ಲ್ಯಾಬಿನಲ್ಲಿ ಸಿಹಿ ಹಂಚಿದರು. ಮಾರನೆಯ ದಿನ ನಮ್ಮ ಮೇಡಂ ನನ್ನನ್ನು ಕರೆದು ಕಂಪ್ಯೂಟರ್ ಪರದೆ ತೋರಿಸಿದರು. ಹಳೆಯ ಡಿಎನ್‌ಎ ಹಳೆಯ ಸೀರೆಯ ಅಂಚಿನ ಹಾಗೆ, ತುದಿಗಳು ಪಿಸಿದು ಹೋಗಿರುತ್ತವೆ. ಹೆಂಗಸಿನ ಡಿಎನ್‌ಎ ಹಾಗೆಯೇ ಪಿಸಿದಿತ್ತು. ರೋಗಾಣುವಿನದು ಮಾತ್ರ ಎಲ್ಲೂ ಪಿಸಿದಿರಲಿಲ್ಲ.

"ಇದು ಹಳೇ ಕಾಯ್ಲೆ ಅಲ್ಲಮ್ಮ," ಎಂದರು ಮೇಡಂ. "ಈಗ ಬದುಕಿರೋರ್ದು ಯಾರ್ದೋ. ಆ ರೂಮಿಗೆ ಹೋದೋಳು ನೀನೊಬ್ಳೇ. ಮೊದ್ಲು ಹೋಗಿ ಟೆಸ್ಟ್ ಮಾಡಿಸ್ಕೊ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನನ್ನ ಕೈ ಎದೆಗೆ ಹೋಯಿತು. ಎಕ್ಸ್‌ರೇ, ಕಫ, ಎಲ್ಲ ಪರೀಕ್ಷೆಯೂ ಆಯಿತು. ವರದಿ ಬರುವವರೆಗೆ ಮನೆಯಲ್ಲೂ ಮಾಸ್ಕು ಹಾಕಿಕೊಂಡು ತಿರುಗಿದೆ. ನನ್ನಿಂದ ಅಮ್ಮನಿಗೆ ಅಂಟಿದರೆ ಎಂಬ ಹೆದರಿಕೆಗೆ ಅವಳ ತಟ್ಟೆ ಲೋಟ ಬೇರೆ ಇಟ್ಟೆ. ವರದಿಯಲ್ಲಿ ನನಗೆ ಏನೂ ಇರಲಿಲ್ಲ. ನಿರಾಳವಾಗಬೇಕಿತ್ತು, ಆಗಲಿಲ್ಲ. ನನ್ನದಲ್ಲದಿದ್ದರೆ ಆ ಬೀಗ ಹಾಕಿದ ಕೋಣೆಯಲ್ಲಿ ಉಸಿರಾಡಿದವರು ಯಾರು?

ಮೇಡಂ ಆ ಪುಡಿಯನ್ನು ಮತ್ತೆ ಪರೀಕ್ಷೆಗೆ ಹಾಕಿದರು. ಅದರಲ್ಲಿ ಇಬ್ಬರು ಹೆಂಗಸರಿದ್ದರು. ಒಬ್ಬಳು ಪಿಸಿದವಳು, ಒಬ್ಬಳು ಹೊಸಬಳು. ಇಂಥ ಅನುಮಾನಕ್ಕೆಂದೇ ನಮ್ಮೆಲ್ಲರ ಡಿಎನ್‌ಎ ಲ್ಯಾಬಿನಲ್ಲಿ ದಾಖಲಾಗಿರುತ್ತದೆ. ಹೋಲಿಸಿ ನೋಡಿದರೆ ಆ ಹೊಸಬಳು ನಾನಲ್ಲ. ಆದರೆ ಅರ್ಧ ನಾನು.

ನನಗೆ ಅಕ್ಕತಂಗಿಯರಿಲ್ಲ, ಮಕ್ಕಳಿಲ್ಲ. ಅರ್ಧ ನಾನು ಎಂದರೆ ಉಳಿದವಳು ಅಮ್ಮ ಒಬ್ಬಳೇ. ಎದ್ದು ಹೋಗಿ ಸೂಜಿಗಳ ಡಬ್ಬಿ ತೆರೆದೆ. ಒಂದು ಸೂಜಿಯ ಕಚ್ಚಿನಲ್ಲಿ ಕೂದಲೆಳೆಯಷ್ಟು ಕುಂಕುಮ ಹಾಗೇ ಕೂತಿತ್ತು. ಮೇಡಂಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬಯ್ಯಲಿಲ್ಲ. "ಮೊದ್ಲು ಮನೆಗ್ ಹೋಗು," ಎಂದರು.

ಅಮ್ಮ ಸೊಪ್ಪು ಬಿಡಿಸುತ್ತಾ ಕುಳಿತಿದ್ದಳು. ಕೆಮ್ಮು ಎಷ್ಟು ದಿನದಿಂದ ಎಂದು ಕೇಳಿದೆ. ಮೊದಲು ಘಾಟು ಎಂದಳು, ಆಮೇಲೆ ಧೂಳು ಎಂದಳು. ಕೊನೆಗೆ ಎದ್ದುಹೋಗಿ, ದೇವರ ಕೋಣೆಯ ಮರದ ಪೆಟ್ಟಿಗೆಯಿಂದ ಮಡಚಿಟ್ಟ ಒಂದು ಹಳೆಯ ಬಟ್ಟೆ ತಂದು ನನ್ನ ಮುಂದಿಟ್ಟಳು. ಅದರ ಮೇಲಿದ್ದದ್ದು ಕುಂಕುಮವಲ್ಲ.

"ಹೇಳಿದ್ರೆ ನೀನು ಕೆಲ್ಸ ಬಿಟ್ಟು ಕೂತ್ಕೋತಿದ್ದೆ," ಎಂದಳು.

ನಾನು ಅತ್ತುಬಿಟ್ಟೆ. ಸತ್ತವರ ಒಳಗಿನ ರೋಗವನ್ನು ಹುಡುಕುವವಳಿಗೆ ಪಕ್ಕದ ಚಾಪೆಯ ಕೆಮ್ಮು ಕೇಳಿಸಿರಲಿಲ್ಲ. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಆರು ತಿಂಗಳು ಮಾತ್ರೆ ನುಂಗಿ ಅಮ್ಮ ಗುಣವಾದಳು.

ಆ ಹೆಂಗಸಿನ ಹಲ್ಲು ಮಾತ್ರ ಪುಡಿಯಾಗಿ ಮುಗಿಯಿತು. ಅವಳದು ಅಂತ ಕೊರೆಯಲು ಇನ್ನೇನೂ ಉಳಿದಿಲ್ಲ. ಅವಳು ಯಾವ ರೋಗದಿಂದ ಸತ್ತಳು ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಅಮ್ಮನಿಗೂ ಇದನ್ನು ಹೇಳಿದ್ದೆ. ಅದು ನನ್ನ ತಪ್ಪು. ಆದರೆ ಆ ತಪ್ಪು ಮಾಡಿರದಿದ್ದರೆ ಎಂದು ಯೋಚಿಸಲು ನನಗೆ ಧೈರ್ಯವಿಲ್ಲ.

ಈ ವರ್ಷದ ಆಯುಧಪೂಜೆಗೆ ನಾನು ಏನೂ ತರಲಿಲ್ಲ. ಅಮ್ಮ ಕೇಳಲೂ ಇಲ್ಲ. ದೇವರ ಮುಂದೆ ಖಾಲಿ ತಟ್ಟೆ ಇಟ್ಟು, ಪಕ್ಕದಲ್ಲಿ ಎಲೆ ಅಡಿಕೆ, ಒಂದು ಹೊಸ ರವಿಕೆ ಕಣ ಇಟ್ಟಳು. ಅದು ಯಾರಿಗೆ ಎಂದು ನನಗೆ ಗೊತ್ತಿತ್ತು. ಅಮ್ಮ ಮೂಗು ಬಾಯಿಗೆ ಸೆರಗು ಬಿಗಿಯಾಗಿ ಕಟ್ಟಿಕೊಂಡು, ಖಾಲಿ ತಟ್ಟೆಯ ನಡುವೆ ಕುಂಕುಮ ಇಟ್ಟಳು.

"ಗುಣ ಆಗಿದೀಯಲ್ಲಮ್ಮ, ಸೆರಗು ಯಾಕೆ?" ಎಂದೆ.

"ಇರ್ಲಿ ಬಿಡು," ಎಂದಳು ಸೆರಗಿನೊಳಗಿಂದಲೇ. "ಒಂದ್ಸಲ ನನ್ನ ಉಸಿರು ಬಿಟ್ಟು ಅವಳ ಬಾಯಿ ಮುಚ್ಚಿಸಿದ್ದಾಯ್ತು."