ಹಾಕಿಸದೇ ಬಂದ ರಿವರ್ಸ್ ಗೇರ್

ನಾನು ನನ್ನ ತಂಗಿಗೆ ಸುಳ್ಳು ಹೇಳಿದೆ. ಅವಳ ಸ್ಕೂಟರಿನ ಇಂಜಿನ್ನಿಗೆ ರಿವರ್ಸ್ ಗೇರ್ ಕೂಡುವುದಿಲ್ಲ ಎಂದು ಮೆಕ್ಯಾನಿಕ್ ಹೇಳಿದ ಅಂದೆ. ಅವನು ಹೇಳಿದ್ದು ಅದರ ಪೂರಾ ಉಲ್ಟಾ. ಈ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ವರ್ಷಗಟ್ಟಲೆ ಅವಳ ಕೈಯ ರೊಟ್ಟಿ ತಿಂದೆ —

ಸುವರ್ಣಾಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎಡಗಾಲು ಸೊರಗಿತ್ತು. ಖಾನಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಹೆಂಗಸರ ಜಂಪರ್ ಹೊಲಿಯುತ್ತಿದ್ದಳು. ಹೊಲಿಗೆಯ ದುಡಿಮೆಯಲ್ಲೇ ಎರಡೂ ಬದಿಗೆ ಗಾಲಿ ಕೂಡಿಸಿದ ಸ್ಕೂಟರ್ ತೆಗೆದುಕೊಂಡಿದ್ದಳು. ಮುಂದೆ ಹೋಗಲು ಅವಳಿಗೆ ಯಾರೂ ಬೇಕಿರಲಿಲ್ಲ. ಹಿಂದೆ ಸರಿಯಲು ಬೇಕಿತ್ತು. ನಾವೆಲ್ಲ ನೆಲಕ್ಕೆ ಕಾಲೊತ್ತಿ ಗಾಡಿಯನ್ನು ಹಿಂದೆ ತಳ್ಳುತ್ತೇವಲ್ಲ, ಅವಳಿಗೆ ಅದಾಗದು. ಸಂತೆಯಲ್ಲಿ, ಸಂದಿಯಲ್ಲಿ ಗಾಡಿ ಸಿಕ್ಕಿಕೊಂಡರೆ ಹೋಗಿಬರುವವರನ್ನು ಕರೆಯಬೇಕು. ಕೆಲವರು ತಳ್ಳುವ ನೆಪದಲ್ಲಿ ಮೈ ಮುಟ್ಟುತ್ತಿದ್ದರು. ಅದನ್ನವಳು ಒಂದೇ ಸಲ ಹೇಳಿದಳು. ಎರಡನೆಯ ಸಲ ಹೇಳಬೇಕಾದ ಗತಿ ಬರಬಾರದಿತ್ತು.

ಆ ಹೊತ್ತಿಗೆ ಬೆಳಗಾವಿಯ ಶಹಾಪುರದಲ್ಲಿ ಹೊಲಿಗೆ ಕ್ಲಾಸ್ ನಡೆಸುವ ಹೆಂಗಸೊಬ್ಬರು ಅವಳನ್ನು ಕರೆದರು. ಹುಡುಗಿಯರಿಗೆ ಕಟಿಂಗ್ ಕಲಿಸುವ ಕೆಲಸ. ಇರಲು ನೆಲಮಟ್ಟದಲ್ಲೇ ಒಂದು ಕೋಣೆ. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಅಣ್ಣಾ, ಶಹಾಪುರದ ಓಣಿ ಭಾಳ ಸಣ್ಣವು. ರಿವರ್ಸ್ ಗೇರ್ ಹಾಕ್ಸಿಕೊಂಡ ಬಾ. ಆಮ್ಯಾಲ ನಾ ಯಾರನ್ನೂ ಕರಿಯೂದ ಬ್ಯಾಡ.”

ನಾನು ಆ ಗಾಡಿ ಓಡಿಸಿಕೊಂಡು ಬೆಳಗಾವಿಗೆ ಹೋದೆ. ಮೆಕ್ಯಾನಿಕ್ ಕುಕ್ಕರಗಾಲಲ್ಲಿ ಕೂತು ಇಂಜಿನ್ ನೋಡಿದ.

“ಸಣ್ಣ ಕೆಲಸ ಐತ್ರಿ. ಇಂಜಿನ್ ಬಾಜೂಕ ಒಂದು ಗೇರ್ ಪೆಟ್ಟಿಗಿ ಕೂಡ್ಸೂದು. ಪೆಟ್ರೋಲ್ ಒಂಚೂರು ಜಾಸ್ತಿ ಕುಡೀತೈತಿ, ಅಷ್ಟ. ಸಂಜಿಕ ಒಯ್ಯಾಕ ಬರ್ರಿ.”

“ಕುಂತು ವಿಚಾರ ಮಾಡ್ತೀನಿ” ಅಂದೆ. ಎದುರಿನ ಚಹಾದಂಗಡಿಯಲ್ಲಿ ಕೂತೆ. ಹಾಕಿಸುವುದೋ ಬಿಡುವುದೋ? ದುಡ್ಡು ಅವಳದೇ, ನನ್ನ ಜೇಬಿನಲ್ಲೇ ಇತ್ತು. ಹಾಗಾದರೆ ನಾನು ಲೆಕ್ಕ ಹಾಕಿದ್ದು ಏನನ್ನು — ಈಗಲೂ ಬರೆಯಲು ಕೈ ಬರುತ್ತಿಲ್ಲ. ಅವ್ವ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಳು. ನಾನು ದಿನಾ ಬೆಳಗಾವಿಗೆ ಕೆಲಸಕ್ಕೆ ಹೋಗುವವನು, ಹೆಂಡತಿ ಅಂಗನವಾಡಿಗೆ. ಅವ್ವನ ಮಗ್ಗಲು ಬದಲಿಸುವುದು, ತೊಳೆಯುವುದು, ಗಂಜಿ ಕುಡಿಸುವುದು ಎಲ್ಲ ಸುವರ್ಣಾ. ಆ ಸಣ್ಣ ಪೆಟ್ಟಿಗೆ ಕೂಡಿಸಿದರೆ ಅವಳು ಹೋಗುತ್ತಾಳೆ. ನಾಳೆಯಿಂದ ಅವ್ವನ ಬಟ್ಟೆ ನಾನು ಒಗೆಯಬೇಕು. ಇಷ್ಟೇ. ತಂಗಿಯ ಇಡೀ ಬದುಕನ್ನು ಒಂದು ಕಡೆ ಇಟ್ಟೆ, ನನ್ನ ಬೆಳಗಿನ ನಿದ್ದೆಯನ್ನು ಇನ್ನೊಂದು ಕಡೆ —

ನಿದ್ದೆಯೇ ಹೆಚ್ಚಾಯಿತು.

ಗಾಡಿಯನ್ನು ಹೋದಂತೆಯೇ ವಾಪಸು ತಂದೆ. “ಈ ಇಂಜಿನ್ ತಡಿಯಂಗಿಲ್ಲಂತ ಸುವರ್ಣಾ. ಹಾಕಿದ್ರ ನಡುದಾರ್ಯಾಗ ಒಡೀತೈತಂತ” ಅಂದೆ. ಅವಳು ಸೆರಗಿನಿಂದ ಸೀಟಿನ ಧೂಳು ಒರೆಸಿದಳು. ಮರುದಿನ ಶಹಾಪುರಕ್ಕೆ ಫೋನ್ ಮಾಡಿ, ಬರಲಾಗುವುದಿಲ್ಲ ಎಂದಳು.

ಅಲ್ಲಿಗೇ ಮುಗಿದಿದ್ದರೂ —

ಮುಂದಿನ ಮಳೆಗಾಲದಲ್ಲಿ ಮದುವೆ ಮನೆಯೊಂದರ ಜಂಪರ್ ಕೊಡಲು ಅವಳು ಗುಂಜಿಯ ಕಡೆ ಹೋದಳು. ಕಾಡಂಚಿನ ಇಕ್ಕಟ್ಟಾದ ಮೋರಿಯ ಕಿರುಸೇತುವೆ ಮೇಲೆ ಎದುರಿಗೆ ಟ್ರ್ಯಾಕ್ಟರ್ ಬಂತು. ಟ್ರೇಲರ್ ತುಂಬ ಕಟ್ಟಿಗೆ; ಅದು ಹಿಂದೆ ಹೋಗುವಂತಿರಲಿಲ್ಲ. ಡ್ರೈವರ್ ಹಾರ್ನ್ ಹೊಡೆದೇ ಹೊಡೆದ. ಇಳಿದು ಬಂದು ತಳ್ಳಲಿಲ್ಲ. ಇವಳೇ ಕೋಲೂರಿ ಇಳಿದು, ಗಾಡಿಯನ್ನು ತನ್ನ ತೋಳಿನಿಂದಲೇ ಹಿಂದೆ ದೂಡಿದಳು. ಬದಿಯ ಗಾಲಿ ಅಂಚಿನಿಂದ ಜಾರಿತು. ಗಾಡಿ ಅವಳನ್ನೂ ಎಳೆದುಕೊಂಡು ಕೆಳಗೆ ಬಿತ್ತು. ಮುರಿದದ್ದು ಬಲಗಡೆಯ ಸೊಂಟ, ಅವಳನ್ನು ಹೊರುತ್ತಿದ್ದ ಗಟ್ಟಿಕಾಲಿನ ಕಡೆಯದು.

ಆಸ್ಪತ್ರೆಯಲ್ಲಿ ನಾನು ಅವಳ ಮಂಚದ ಕಂಬಿ ಹಿಡಿದು ಅತ್ತೆ. ಅವಳೇ ನನ್ನನ್ನು ಸಮಾಧಾನ ಮಾಡಿದಳು. “ಅಳಬ್ಯಾಡ ಅಣ್ಣಾ. ಗೇರ್ ಹಾಕ್ಸಿದ್ರ ಎಂದೋ ಇಂಜಿನ್ ಒಡದು ಸಾಯ್ತಿದ್ನೋ ಏನೋ. ನೀ ಕೇಳಿಕೊಂಡ ಬಂದದ್ದ ಚಲೋ ಆತು.” ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ನರ್ಸ್ ಒಳಗೆ ಬಂದಳು, ನಾನು ಬಾಯಿ ಮುಚ್ಚಿದೆ. ನರ್ಸ್ ಬಾರದಿದ್ದರೂ ಮುಚ್ಚುತ್ತಿದ್ದೆ.

ಅವಳು ಮತ್ತೆ ಗಾಡಿ ಹತ್ತಲಿಲ್ಲ. ವಾಕರ್ ಹಿಡಿದು ಮಂಚದಿಂದ ಮಷಿನ್ನಿಗೆ, ಮಷಿನ್ನಿನಿಂದ ಅವ್ವನ ಹಾಸಿಗೆಗೆ — ಅಷ್ಟೇ ಅವಳ ದಾರಿ. ಹೋದ ವರ್ಷ ಅವ್ವ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಸುವರ್ಣಾ ಅವಳಿಗೆ ಗಂಜಿ ಕುಡಿಸುತ್ತಿದ್ದಳು, ಒರೆಸುತ್ತಿದ್ದಳು, ಆದರೆ ಮಾತಾಡಿಸುತ್ತಿರಲಿಲ್ಲ. ದಣಿವಿರಬೇಕು ಅಂದುಕೊಂಡಿದ್ದೆ.

ಮೊನ್ನೆ ಭಾನುವಾರ ಮಧ್ಯಾಹ್ನ ಅವಳ ಮುಂದೆ ಕೂತು ಹೇಳಿದೆ. ಚಹಾದಂಗಡಿ, ನನ್ನ ಲೆಕ್ಕ, ಎಲ್ಲವನ್ನೂ. ಅವಳು ಮಷಿನ್ ನಿಲ್ಲಿಸಿ ಕೇಳಿದಳು. ಅತ್ತಾಳು ಅಂದುಕೊಂಡೆ. ಬೈದಿದ್ದರೂ ಆಗುತ್ತಿತ್ತು.

“ಅವ್ವಗ ಗೊತ್ತಿತ್ತೇನು?” ಅಂದಳು.

ಇದನ್ನು ಅವಳಿಗಿರಲಿ, ನನ್ನ ಹೆಂಡತಿಗೂ ಹೇಳಿರಲಿಲ್ಲ. ಆ ದಿನ ಹೊರಡುವ ಮುಂಚೆ ಅವ್ವ ನನ್ನನ್ನು ಹತ್ತಿರ ಕರೆದು, ಸೊಟ್ಟಗಾದ ಬಾಯಿಯಿಂದ ತಡೆತಡೆದು ಹೇಳಿದ್ದಳು — “ಹಾಕ್ಸಿಕೊಂಡ ಬಾ. ಅಕಿ ಹೋಗ್ಲಿ. ನಂದು ಹ್ಯಾಂಗರ ಆಗ್ತೈತಿ.”

ಅದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ.

ಸುವರ್ಣಾ ಮಷಿನ್ನಿನ ಸೂಜಿಯಿಂದ ದಾರ ಎಳೆದು ತೆಗೆದಳು. “ಇಂಥ ಗಾಡಿಗೆ ಗೇರ್ ಕೂಡತೈತಿ ಅಂತ ಆಸ್ಪತ್ರಿಯಿಂದ ಬಂದ ಮ್ಯಾಲ ಒಬ್ಬರು ಹೇಳಿದ್ರು. ಅವ್ವನ ನಿನಗ ಬ್ಯಾಡ ಅಂದಿರಬೇಕು ಅಂತ ತಿಳಕೊಂಡಿದ್ನಿ. ಸಾಯೂತನಾ ಅಕಿ ಮ್ಯಾಲ ಸಿಟ್ಟ ಇಟಗೊಂಡ್ನಿ” ಅಂದಳು. 

ನಾನು ಕೂತೇ ಇದ್ದೆ. ಅವಳು ನನಗೆ ಏಳು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ.