ನಿವೃತ್ತರ ಹೆಸರಿನ ಖಾತೆ

ಈಗ ನೆನೆದರೂ ಮೈ ಉರಿಯುತ್ತದೆ. ಕೋಲ್ಕತ್ತದ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರದಲ್ಲಿ ನಾನು ಗುತ್ತಿಗೆಯ ಮೇಲೆ ಸರ್ವರ್ ನೋಡಿಕೊಳ್ಳುವವಳು. ಪ್ರತಿ ಸರ್ವರಿನೊಳಗೂ ಒಂದು ಪುಟ್ಟ ಕಾರ್ಡ್ ಇರುತ್ತದೆ. ಅದಕ್ಕೆ ಲಾಗಿನ್ ಆದರೆ ಮನೆಯಲ್ಲೇ ಕೂತು ಸರ್ವರನ್ನು ಆಫ್ ಮಾಡಬಹುದು, ಆನ್ ಮಾಡಬಹುದು. ಹಾಗಾಗಿ ಆ ಕಾರ್ಡಿನಲ್ಲಿ ಯಾರ ಯಾರ ಖಾತೆ ಇರಬೇಕೆಂಬುದು ಹುಡುಗಾಟದ ವಿಷಯವಲ್ಲ.

ನಮ್ಮಲ್ಲಿ ಮಾತ್ರ ಅದು ಮರ್ಯಾದೆಯ ವಿಷಯ. ನಿವೃತ್ತರಾಗಿ ಮೂರು ವರ್ಷವಾದ ಪ್ರೊಫೆಸರರ ಖಾತೆ ಹಾಗೇ ಉಳಿದಿತ್ತು. ತೆಗೆಯೋಣವೆಂದು ಮೂರು ಸಲ ಬರೆದುಕೊಟ್ಟೆ. ನಮ್ಮ ಮುಖ್ಯಸ್ಥರು ಮೈಸೂರಿನವರು, ಲೇಕ್ ಮಾರ್ಕೆಟ್ಟಿನಲ್ಲಿ ಕಾಫಿಪುಡಿ ಕೊಳ್ಳುವಾಗ ಸಿಕ್ಕರೆ ಬಾಯ್ತುಂಬ ಕನ್ನಡ ಮಾತಾಡುವವರು. ಮೂರು ಸಲವೂ ಅದೇ ರಾಗ: ಹಿರಿಯರ ಹೆಸರು, ಇರಲಿ ಬಿಡಮ್ಮ. ನಿಮಗೊಂದು ಖಾತೆ ಮಾಡಿಕೊಡಲೇ ಎಂದರೆ, ಅಯ್ಯೋ, ಆ ಕಾರ್ಡಿನ ತಂಟೆಯೇ ನನಗೆ ಬೇಡ ಎಂದು ಕೈ ಮುಗಿದಿದ್ದರು. ನಮ್ಮ ಕಡೆಯವರೆಂದು ನಂಬಿದ್ದೆನಲ್ಲ, ನನ್ನ ಬುದ್ಧಿಗಿಷ್ಟು!

ಒಂದು ಸೋಮವಾರ ಬಂದು ನೋಡಿದರೆ ದೊಡ್ಡ ಸರ್ವರನ್ನು ಯಾರೋ ಆಫ್ ಮಾಡಿ ಆನ್ ಮಾಡಿದ್ದರು. ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಅದರಲ್ಲಿ ಹದಿನೆಂಟು ದಿನಗಳಿಂದ ಓಡಿಸುತ್ತಿದ್ದ ಪ್ರೋಗ್ರಾಂ ಮಣ್ಣುಪಾಲು. ಕಾರ್ಡಿನ ದಾಖಲೆಯಲ್ಲಿ ಭಾನುವಾರ ಮಧ್ಯಾಹ್ನ, ನಿವೃತ್ತ ಪ್ರೊಫೆಸರರ ಹೆಸರು. ದಕ್ಷಿಣೇಶ್ವರದ ಅವರ ಮನೆಗೆ ಫೋನ್ ಮಾಡಿದೆ. ಪಾಪ, ಕಣ್ಣಿನ ಆಪರೇಷನ್ ಆದಮೇಲೆ ಅವರು ಕಂಪ್ಯೂಟರನ್ನೇ ಮುಟ್ಟಿಲ್ಲವಂತೆ.

ಮುಖ್ಯಸ್ಥರು ನನಗೇ ಮೆಮೊ ಕೊಟ್ಟರು. ಯಾರ ಪಾಸ್‌ವರ್ಡನ್ನಾದರೂ ಬದಲಿಸುವ ಅಧಿಕಾರ ಇರುವುದು ನಿನ್ನೊಬ್ಬಳಿಗೇ, ಅಂದಮೇಲೆ ಮಾಡಿದ್ದೂ ನೀನೇ ಎಂಬ ಅರ್ಥದ್ದು. ವಾರದೊಳಗೆ ಉತ್ತರ ಕೊಡದಿದ್ದರೆ ಗುತ್ತಿಗೆ ಮುಂದುವರಿಯುವುದಿಲ್ಲ. ಆ ವಿದ್ಯಾರ್ಥಿನಿ ಎದುರಿಗೆ ಬಂದರೂ ನನ್ನ ಮುಖ ನೋಡಲಿಲ್ಲ. ಧಾರವಾಡ ಬಿಟ್ಟು ನಲವತ್ತು ವರ್ಷವಾದರೂ ಅಲ್ಲಿಯ ಮಾತು ಬಿಡದ ಅಮ್ಮ ಮೆಮೊ ಓದಿಸಿಕೊಂಡು, "ಬಾಯಿ ಮುಚ್ಕೊಂಡ ಕುಂತ್ರ ನೀನ ಮಾಡೀದಿ ಅಂತಾರ ನೋಡವಾ" ಎಂದಳು.

ಮರುದಿನ ಯಾರ ಅಪ್ಪಣೆಯನ್ನೂ ಕೇಳದೆ ಆ ಖಾತೆಯನ್ನು ಅಳಿಸಿಬಿಟ್ಟೆ. ಯಾರಿಗೂ ಹೇಳಲೂ ಇಲ್ಲ. ಉತ್ತರ ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು ಎದ್ದುಬಿಡುತ್ತಿದ್ದೆ.

ಶನಿವಾರ ಗರಿಯಾಹಾಟಿನಲ್ಲಿ ಆಟೋಗೆ ಕಾಯುತ್ತಿದ್ದಾಗ ಮುಖ್ಯಸ್ಥರ ಫೋನ್ ಬಂತು. ಅವರ ಯಾವುದೋ ಫೈಲ್ ತೆರೆಯುತ್ತಿಲ್ಲವಂತೆ, ಸರ್ವರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದಂತೆ.

"ಪಾಸ್‌ವರ್ಡ್ ಸರಿಯಾಗೇ ಹಾಕ್ತಿದೀನಮ್ಮ, ಆ ಕಾರ್ಡು ಒಳಗೇ ಬಿಡ್ತಿಲ್ವಲ್ಲ?"

"ಯಾರ ಹೆಸರಲ್ಲಿ ಸರ್?" ಎಂದೆ.

ಆ ಕಡೆಯಿಂದ ಫೋನ್ ಕಟ್ಟಾಯಿತು.

ಬಂದ ಆಟೋ ಬಿಟ್ಟು ಅಲ್ಲೇ ಫುಟ್‌ಪಾತಿನಲ್ಲಿ ನಿಂತು, ಫೋನಿನಲ್ಲೇ ಕಾರ್ಡಿನ ದಾಖಲೆ ತೆರೆದು ನೋಡಿ, ಮೆಮೊಗೆ ಉತ್ತರ ಬರೆದೆ. ಆ ಕರೆಯ ಹೊತ್ತು, ಅದೇ ಹೊತ್ತಿಗೆ ಕಾರ್ಡು ತಿರಸ್ಕರಿಸಿದ ನಿವೃತ್ತ ಪ್ರೊಫೆಸರರ ಹೆಸರು, ಎರಡನ್ನೂ ಅದರಲ್ಲಿ ಹಾಕಿದೆ. ಮೊದಲ ಪ್ರತಿಯನ್ನು ಆ ವಿದ್ಯಾರ್ಥಿನಿಗೆ ಕಳಿಸಿದೆ.